ಪ್ರೇತಗಳನ್ನು ಕತ್ತರಿಸಬೇಡಿ

ಶಿವಮೊಗ್ಗದ ಓದುಗರೊಬ್ಬರ ಪತ್ರ: "ನಮ್ಮ ಹವ್ಯಾಸಿ ತಂಡ ಪೋಲೆಂಡಿನ ಸ್ತಾನಿಸ್ವಾವ್ ವಿಸ್ಪ್ಯಾನ್‌ಸ್ಕಿಯ 'ಮದುವೆ' ನಾಟಕ ಓದುತ್ತಿದೆ. ಮೊದಲ ಅಂಕ ನಮ್ಮ ಪಕ್ಕದ ಮನೆಯ ಮದುವೆಯಷ್ಟೇ ಜೀವಂತ. ಎರಡನೆಯದರಲ್ಲಿ ಪ್ರೇತಗಳು ಬಂದು ಎಲ್ಲ ಗೋಜಲಾಗುತ್ತದೆ. ನಿಜವಾಗಿ ನಡೆದ ಮದುವೆ ಬರೆಯಲು ಹೊರಟವನಿಗೆ ಸಂಕೇತಗಳ ಹಂಗೇಕೆ? ಆ ಭಾಗ ಬಿಟ್ಟು ಆಡಬಹುದೇ?"

ಪ್ರಿಯ ಓದುಗರೆ,

ದಯವಿಟ್ಟು ಬಿಡಬೇಡಿ. ಯಾಕೆಂದು ಹೇಳಬೇಕಾದರೆ ಆ ಮದುವೆಮನೆಗೇ ಹೋಗಬೇಕು.

1900ರ ನವೆಂಬರ್ 20ರಂದು ಕ್ರಾಕೋವ್ ನಗರದಲ್ಲಿ ಕವಿ ಲುತ್ಸಿಯಾನ್ ರಿಡೆಲ್, ಪ್ರೊಫೆಸರರ ಮಗ, ರೈತರ ಹುಡುಗಿ ಯದ್ವಿಗಾಳನ್ನು ಮದುವೆಯಾದ. ಊಟ, ಕುಣಿತ ಎಲ್ಲ ಪಕ್ಕದ ಬ್ರೊನೊವಿತ್ಸೆ ಹಳ್ಳಿಯಲ್ಲಿ, ಆಕೆಯ ಅಕ್ಕನ ಗಂಡ, ಚಿತ್ರಕಾರ ಟೆಟ್‌ಮಾಯರ್‌ನ ಮನೆಯಲ್ಲಿ. ಹಳ್ಳಿಯ ಹೆಣ್ಣನ್ನು ಮದುವೆಯಾಗುವುದು, ಅವರ ಉಡುಗೆ ತೊಡುವುದು ಆಗ ಅಲ್ಲಿನ ಓದಿದವರಲ್ಲಿ ಒಂದು ಗೀಳೇ ಆಗಿತ್ತು. ವಿಸ್ಪ್ಯಾನ್‌ಸ್ಕಿ ಹೊರಗಿನವನಾಗಿ ನಕ್ಕವನಲ್ಲ. ಎರಡು ತಿಂಗಳ ಹಿಂದಷ್ಟೇ ಅವನೂ ರೈತರ ಮನೆಯ ತೆಯೊದೊರಾಳ ಕೈಹಿಡಿದಿದ್ದ. ಆ ರಾತ್ರಿ ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದನೆಂದು ಬಲ್ಲವರು ಬರೆದಿಟ್ಟಿದ್ದಾರೆ. ನಾಲ್ಕೇ ತಿಂಗಳಲ್ಲಿ, 1901ರ ಮಾರ್ಚ್ 16ರಂದು, ನಾಟಕ ರಂಗಕ್ಕೆ ಬಂತು. ನೋಡಿದವರಿಗೆ ಪಾತ್ರಗಳ ಗುರುತು ಹತ್ತಿತು. ರಿಡೆಲ್‌ಗೆ ನೋವಾಯಿತು.

ಈಗ ನಿಮ್ಮ ಪ್ರಶ್ನೆ. ಮೊದಲ ಅಂಕದಲ್ಲಿ ಮದುಮಗ 1846ರ ಮಾತೆತ್ತುತ್ತಾನೆ. ಆ ವರ್ಷ ಗಲಿಷಿಯಾದ, ಅಂದರೆ ಆಸ್ಟ್ರಿಯಾದ ಕೈಲಿದ್ದ ಪೋಲಿಷ್ ಸೀಮೆಯ, ರೈತರು ಜಮೀನ್ದಾರರ ಮೇಲೆ ತಿರುಗಿಬಿದ್ದು ನೂರಾರು ಜನರನ್ನು ಕೊಂದಿದ್ದರು. ನನ್ನ ಅಜ್ಜನನ್ನು ಗರಗಸದಿಂದ ಕೊಯ್ದರು, ಆದರೆ ನಾವು ಎಲ್ಲ ಮರೆತಿದ್ದೇವೆ ಎನ್ನುತ್ತಾನೆ. ಕೇಳಲು ಎಷ್ಟು ದೊಡ್ಡ ಮನಸ್ಸು! ಎರಡನೆಯ ಅಂಕದಲ್ಲಿ ಆ ದಂಗೆಯ ನಾಯಕ ಯಾಕುಬ್ ಶೆಲಾ ರಕ್ತ ಮೆತ್ತಿಕೊಂಡು ಬಂದು, ಮದುವೆಗೆ ಬಂದಿದ್ದೇನೆ, ಕೈ ತೊಳೆಯಲು ನೀರು ಕೊಡಿ ಎನ್ನುತ್ತಾನೆ. ಅವನನ್ನು ಕತ್ತರಿಸಿದಿರೋ, ಮದುಮಗನ ಮಾತೇ ನಾಟಕದ ಕೊನೆಯ ಮಾತಾಗಿ ಉಳಿಯುತ್ತದೆ. ಎಲ್ಲ ಮರೆತೆವು ಎಂಬ ಸುಳ್ಳು ನಿಜವಾಗಿಬಿಡುತ್ತದೆ.

ಪತ್ರಕರ್ತನ ಪಾತ್ರವನ್ನಂತೂ ಸಂಪಾದಕರ ಈ ಕುರ್ಚಿಯಲ್ಲಿ ಕೂತು ನಿರಾಳವಾಗಿ ಓದಲಾಗದು. ನಾಟಕ ಶುರುವಾಗುವುದೇ ರೈತನೊಬ್ಬ ಅವನನ್ನು ರಾಜಕೀಯದ ಬಗ್ಗೆ ಕೇಳುವುದರಿಂದ: ಚೀನಾದವರು ಗಟ್ಟಿಯಾಗಿ ನಿಂತಿದ್ದಾರಂತೆ, ಹೌದೇ? ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ಸುದ್ದಿ ಅದು. ಲೋಕವನ್ನು ತಿಳಿಯಬಯಸುವ ಆ ರೈತನಿಗೆ ಪತ್ರಕರ್ತ ಕೊಡುವ ಉತ್ತರದ ಸಾರ ಇಷ್ಟೇ: ಜಗತ್ತೆಲ್ಲ ಯುದ್ಧ ನಡೆಯಲಿ, ನಮ್ಮ ಹಳ್ಳಿ ತಣ್ಣಗಿದ್ದರೆ ಸಾಕು. ಈ ಪಾತ್ರದ ಹಿಂದಿದ್ದವನು ಕ್ರಾಕೋವ್‌ನ 'ಚಾಸ್' ಪತ್ರಿಕೆಯ ರುಡೋಲ್ಫ್ ಸ್ತಾಜೆವ್‌ಸ್ಕಿ. ಆ ಪತ್ರಿಕೆಯ ಸಂಪ್ರದಾಯವಾದಿ ಬಣಕ್ಕೆ ಹದಿನಾರನೆಯ ಶತಮಾನದ ಆಸ್ಥಾನ ವಿದೂಷಕ ಸ್ತಾನ್‌ಚಿಕ್‌ನ ಹೆಸರೇ ಅಂಟಿಕೊಂಡಿತ್ತು. ಪತ್ರಕರ್ತನಿಗೆ ಕಾಣಿಸಿಕೊಳ್ಳುವ ಪ್ರೇತ ಯಾರದು ಬಲ್ಲಿರಾ? ಅದೇ ಸ್ತಾನ್‌ಚಿಕ್. ತನ್ನ ದಂಡವನ್ನು ಅವನ ಕೈಗಿತ್ತು, ನೀರು ಕಲಕುತ್ತಿರು ಎಂದು ಹೇಳಿ ಹೋಗುತ್ತಾನೆ. ಇಷ್ಟಾದರೂ ಸ್ತಾಜೆವ್‌ಸ್ಕಿ ಅದೇ ಪತ್ರಿಕೆಯಲ್ಲಿ ಈ ನಾಟಕದ ಬಗ್ಗೆ ದೀರ್ಘವಾಗಿ, ಗೌರವದಿಂದ ಬರೆದ. ಅದು ನಾನು ಮೆಚ್ಚುವ ಸಂಪಾದಕತ್ವ.

ವಿಸ್ಪ್ಯಾನ್‌ಸ್ಕಿಯ ಸಂಕೇತಗಳು ಮಂಜಿನಿಂದ ಬಂದವಲ್ಲ. ಪ್ರೇತಗಳನ್ನೆಲ್ಲ ಕರೆತರುವ ಹೊಹೊವ್ ಏನು? ಚಳಿಗೆ ಸಾಯದಿರಲೆಂದು ಅಂಗಳದ ಗುಲಾಬಿ ಗಿಡಕ್ಕೆ ಸುತ್ತಿದ ಹುಲ್ಲಿನ ಹೊದಿಕೆ. ಪೋಲೆಂಡ್ ಎಂಬ ದೇಶ 1795ರಿಂದ ಭೂಪಟದಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡಿದ್ದವು. ಸ್ವಾತಂತ್ರ್ಯಕ್ಕಾಗಿ ಜನರನ್ನು ಎಬ್ಬಿಸಬೇಕಿದ್ದ ಚಿನ್ನದ ಕಹಳೆಯನ್ನು ಹಳ್ಳಿಯ ಯಾಶೆಕ್ ಕಳೆದುಕೊಳ್ಳುತ್ತಾನೆ, ನವಿಲುಗರಿಯ ಟೋಪಿ ಎತ್ತಿಕೊಳ್ಳಲು ಬಾಗಿದಾಗ. ಓದಿದವರೂ ರೈತರೂ ಹೊಹೊವ್‌ನ ಪಿಟೀಲಿಗೆ ನಿದ್ದೆಗಣ್ಣಿನಲ್ಲಿ ಸುತ್ತುತ್ತಾರೆ. ತಪ್ಪು ಒಂದೇ ವರ್ಗದ್ದೆಂದು ವಿಸ್ಪ್ಯಾನ್‌ಸ್ಕಿ ಹೇಳಲಿಲ್ಲ, ಅದಕ್ಕೇ ಈ ನಾಟಕ ಇನ್ನೂ ಚುಚ್ಚುತ್ತದೆ.

ಇನ್ನೊಂದು ಮಾತು. ವಿಸ್ಪ್ಯಾನ್‌ಸ್ಕಿ ಚಿತ್ರಕಾರನೂ ಹೌದು, ಪೋಲೆಂಡಿನ ಇತಿಹಾಸದ ಚಿತ್ರಗಳನ್ನು ಬರೆದ ಮತೇಯ್ಕೊನ ಶಿಷ್ಯ. ಕ್ರಾಕೋವ್‌ನ ಫ್ರಾನ್ಸಿಸ್ಕನ್ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳು ಅವನವೇ. ಪ್ರೇತಗಳು ಅವನಿಗೆ ಮೊದಲು ಬಣ್ಣವಾಗಿ, ಉಡುಪಾಗಿ ಕಂಡಿರಬೇಕು ಎಂದು ನನ್ನ ಊಹೆ. 1907ರಲ್ಲಿ, 38ನೆಯ ವಯಸ್ಸಿಗೆ, ಸಿಫಿಲಿಸ್ ಅವನನ್ನು ಕೊಂದಿತು. ಪೋಲೆಂಡ್ ಮರಳಿ ದೇಶವಾದದ್ದು 1918ರಲ್ಲಿ.

ಸಮಯ ಸಾಲದಿದ್ದರೆ ಮೊದಲ ಅಂಕದ ಹರಟೆಯನ್ನು ಕಡಿಮೆ ಮಾಡಿ. ಆದರೆ ಮದುಮಗನ ಆ ಮಾತು ಪ್ರೇಕ್ಷಕರ ಕಿವಿಗೆ ಸ್ಪಷ್ಟವಾಗಿ ಬೀಳಲಿ. ಶೆಲಾನ ಪಾತ್ರಕ್ಕೆ ಕಿರುಚುವವರನ್ನು ಹಾಕಬೇಡಿ. ನೀರು ಕೇಳುವಾಗ ಅವನು ತಡವಾಗಿ ಬಂದ ನೆಂಟನಂತೆ ಸಹಜವಾಗಿರಲಿ.