ಗೋವಾದ ಬಂಗಲೆ ಕಾಯ್ದಿರಿಸುವ ಈ ಜಾಲತಾಣವನ್ನು ನಂಬಬಹುದೇ?

ಕಲಂಗುಟ್‌ನ ಬಂಗಲೆಯೊಂದಕ್ಕೆ ಪೂರ್ತಿ ಬಾಡಿಗೆಯನ್ನು ಮುಂಗಡವಾಗಿ ಕೇಳುತ್ತಿರುವ ಜಾಲತಾಣದಲ್ಲಿ, ವಿಳಾಸದ ಪಕ್ಕದ ಬೀಗದ ಗುರುತೂ ಜಿಎಸ್‌ಟಿ ಸಂಖ್ಯೆಯೂ ಇರುವುದರಿಂದ ಅದನ್ನು ನಂಬಬಹುದೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ನಂಬಬೇಡಿ. ಪುಣೆಯ ನಮ್ಮ ಕನ್ನಡ ಬಳಗದವರು ಮೇ ರಜೆಗೆ ಗೋವಾಕ್ಕೆ ಹೊರಡುವ ಮುನ್ನ ಇಂಥ ಕೊಂಡಿಗಳನ್ನು ನನಗೆ ಕಳಿಸುವುದುಂಟು. ಅವರಿಗೆ ಹೇಳುವುದನ್ನೇ ತಮಗೂ ಹೇಳುತ್ತೇನೆ.

ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಸಾಗುವ ಮಾಹಿತಿಯನ್ನು ಮೂರನೆಯವರು ಓದಲಾರರು ಎಂಬುದಷ್ಟೇ ಬೀಗದ ಅರ್ಥ. ಅದಕ್ಕೆ ಬೇಕಾದ ಪ್ರಮಾಣಪತ್ರ ಮೋಸಗಾರರಿಗೂ ಪುಕ್ಕಟೆಯಾಗಿ ಸಿಗುತ್ತದೆ. ಜನರು ಅದನ್ನು ಪ್ರಾಮಾಣಿಕತೆಯ ಮುದ್ರೆಯೆಂದು ತಪ್ಪು ತಿಳಿಯುತ್ತಾರೆಂಬ ಕಾರಣಕ್ಕೇ ಗೂಗಲ್ 2023ರಲ್ಲಿ ಕ್ರೋಮ್‌ನ ಬೀಗದ ಗುರುತನ್ನು ಬದಲಾಯಿಸಿತು.

ಜಿಎಸ್‌ಟಿ ಸಂಖ್ಯೆ ಮಾತ್ರ ನಿಜಕ್ಕೂ ಕೆಲಸಕ್ಕೆ ಬರುತ್ತದೆ. 15 ಅಕ್ಷರ ಮತ್ತು ಅಂಕಿಗಳ ಆ ಸಂಖ್ಯೆಯ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ಗೋವಾಕ್ಕೆ 30, ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ಮಧ್ಯವರ್ತಿ ಕಂಪನಿಯಾದರೆ ಬೇರೆ ರಾಜ್ಯದ ಸಂಖ್ಯೆ ಇರಬಹುದು. ಆದರೆ ಕಲಂಗುಟ್‌ನಲ್ಲೇ ಇರುವ ಮಾಲೀಕರು ತಾವೆಂದು ಹೇಳಿಕೊಳ್ಳುವವರ ಸಂಖ್ಯೆ ದೆಹಲಿಯ 07ರಿಂದ ಆರಂಭವಾದರೆ ಕಾರಣ ಕೇಳಲೇಬೇಕು. ಜಿಎಸ್‌ಟಿಯ ಸರ್ಕಾರಿ ತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ ಹುಡುಕಿದರೆ, ಲಾಗಿನ್ ಆಗದೆಯೂ, ನೋಂದಾಯಿತ ಹೆಸರು, ವ್ಯಾಪಾರದ ಹೆಸರು, ನೋಂದಣಿಯ ದಿನಾಂಕ ಹಾಗೂ ಅದು ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದು ಕಾಣುತ್ತದೆ. ಇನ್ಯಾರದೋ ಸಂಖ್ಯೆಯನ್ನು ಎತ್ತಿ ಹಾಕಿಕೊಂಡಿರುವ ಸಾಧ್ಯತೆಯೂ ಇರುವುದರಿಂದ, ಅಲ್ಲಿಗೇ ನಿಲ್ಲಬೇಡಿ: ಯುಪಿಐನಲ್ಲಿ ಪಿನ್ ಒತ್ತುವ ಮುನ್ನ ಫೋನಿನ ಪರದೆಯ ಮೇಲೆ ಹಣ ಪಡೆಯುವವರ ಹೆಸರು ಬರುತ್ತದೆಯಲ್ಲ, ಅದನ್ನು ಈ ಎರಡು ಹೆಸರುಗಳೊಂದಿಗೆ ತಾಳೆ ನೋಡಿ. ಯಾವುದಕ್ಕೂ ಹೊಂದದಿದ್ದರೆ ದಯವಿಟ್ಟು ಹಣ ಕಳಿಸಬೇಡಿ. ನನ್ನ ದೃಷ್ಟಿಯಲ್ಲಿ ಉಳಿದೆಲ್ಲ ಪರೀಕ್ಷೆಗಳಿಗಿಂತ ಇದೇ ಹೆಚ್ಚು ಗಟ್ಟಿ.

ತಾಣದ ವಿಳಾಸ ಯಾವಾಗ ನೋಂದಣಿಯಾಯಿತೆಂಬುದನ್ನು, ಜಾಲತಾಣಗಳ ವಿಳಾಸದ ನೋಂದಣಿ ವಿವರ ತೋರಿಸುವ ಹೂಈಸ್ (Whois) ಹುಡುಕಾಟದಲ್ಲಿ ನೋಡಬಹುದು. ಹತ್ತು ವರ್ಷಗಳ ಸೇವೆಯೆಂದು ಬರೆದುಕೊಂಡವರ ವಿಳಾಸ ಕಳೆದ ತಿಂಗಳಷ್ಟೇ ನೋಂದಣಿಯಾಗಿದ್ದರೆ ಅನುಮಾನಿಸಲು ಅಷ್ಟು ಸಾಕು. ಬಂಗಲೆಯ ಚಿತ್ರಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಈಜುಕೊಳ ಬೇರೊಂದು ಹೋಟೆಲಿನ ಹೆಸರಿನಲ್ಲಿ ಕಾಣಿಸಬಹುದು. ತಾಣದೊಳಗಿನ ಹೊಗಳಿಕೆಯ ಮಾತುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈಗಾಗಲೇ ಸ್ವಲ್ಪ ಹಣ ಕಳಿಸಿದ್ದು ಮೋಸವೆಂದು ಖಚಿತವಾದರೆ, ಸಂಕೋಚಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ದೂರು ಕೊಡಿ. ಹಣವನ್ನು ಅವರು ಮುಂದಿನ ಖಾತೆಗೆ ಸಾಗಿಸುವ ಮೊದಲೇ ದೂರು ತಲುಪಿದರೆ ಬ್ಯಾಂಕು ಅದನ್ನು ತಡೆಹಿಡಿಯುವ ಅವಕಾಶವಿರುತ್ತದೆ.