ಅಪ್ಪನ ಪಟ್ಟಿಯಲ್ಲಿ ನನ್ನ ದಿನವೇ ಇಲ್ಲ

ಪ್ರಶ್ನೆ: ನನಗೆ 20 ವರ್ಷ. ಮೈಸೂರಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಈ ದೀಪಾವಳಿ ಮುಗಿದ ಮೇಲೆ, ನವೆಂಬರ್‌ನಲ್ಲಿ ಅಪ್ಪ, ಅಮ್ಮ, ಅಜ್ಜಿ, 12 ವರ್ಷದ ತಮ್ಮ, ನಾನು 10 ದಿನ ಜಪಾನ್‌ಗೆ ಹೋಗುತ್ತಿದ್ದೇವೆ. ಅಪ್ಪ ಬ್ಯಾಂಕಿನಲ್ಲಿದ್ದಾರೆ. ದಿನಕ್ಕೆ ಇಷ್ಟು ಜಾಗ ಅಂತ ಆಗಲೇ ಪಟ್ಟಿ ಮಾಡಿದ್ದಾರೆ: ಕ್ಯೋಟೊದ ದೇವಸ್ಥಾನಗಳು, ಹಿರೋಷಿಮಾ, ಫ್ಯೂಜಿ ಬೆಟ್ಟ, ಕೊನೆಗೆ ಟೋಕಿಯೊ. ನಾನು ಎಂಟನೇ ಕ್ಲಾಸಿನಿಂದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ ಓದುತ್ತಿದ್ದೇನೆ. ಜಪಾನಿ ಅಕ್ಷರ ಕಲಿತದ್ದೂ ಅದಕ್ಕೇ. ಮಕ್ಕಳಿಗೆ ಟ್ಯೂಷನ್ ಹೇಳಿ 60 ಸಾವಿರ ರೂಪಾಯಿ ಉಳಿಸಿದ್ದೇನೆ. ಒಂದು ಹಳೆಯ ಆರ್ಟ್ ಬುಕ್, ಕೈಯಲ್ಲಿ ಬಣ್ಣ ಹಚ್ಚಿದ ಒಂದು ಅನಿಮೆ ಸೆಲ್ (ಜಪಾನಿ ಕಾರ್ಟೂನ್ ಸಿನಿಮಾಕ್ಕೆ ಪಾರದರ್ಶಕ ಹಾಳೆಯ ಮೇಲೆ ಬರೆದ ಚಿತ್ರ), ಎರಡು ಫಿಗರ್ (ಪಾತ್ರಗಳ ಗೊಂಬೆ), ಒಂದಷ್ಟು ಮಾಂಗಾ ಇಷ್ಟು ತರಬೇಕು ಅಂತ ಆಸೆ. ಕೇಳಿದರೆ ಅಪ್ಪ, ‘ಕಾರ್ಟೂನ್ ತರೋಕೆ ಅಷ್ಟು ದೂರ ಹೋಗ್ಬೇಕಾ?’ ಅಂದುಬಿಟ್ಟರು. ಅಮ್ಮ, ‘ರಾತ್ರಿ ಎಲ್ಲರೂ ಮಲಗಿದ ಮೇಲೆ ನಾವಿಬ್ಬರೂ ಹೋಗಿ ಬರೋಣ, ಬೆಲೆ ಮಾತ್ರ ಕಮ್ಮಿ ಹೇಳು’ ಅನ್ನುತ್ತಾರೆ. ನವರಾತ್ರಿಗೆ ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆ ಕೂರಿಸುವ ನಮ್ಮಜ್ಜಿ ಮಾತ್ರ, ‘ನಿನ್ನ ಬೊಂಬೆ ಅಂಗಡಿಗೆ ನಾನೂ ಬರ್ತೀನಿ ಕಣೇ’ ಅಂದರು. ಆಸೆ ಬಿಟ್ಟುಬಿಡಲಾ? ಅಮ್ಮ ಹೇಳಿದ ಹಾಗೆ ಮಾಡಲಾ?

ಉತ್ತರ: ಎರಡೂ ಬೇಡ. ಆಸೆ ಬಿಡಬೇಡಿ, ಕದ್ದೂ ಹೋಗಬೇಡಿ. ಅಪ್ಪನ ಪಟ್ಟಿಯಲ್ಲಿ ಒಂದು ಪೂರ್ತಿ ದಿನ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ.

ಮೊದಲು ಅಮ್ಮನ ಉಪಾಯ ನೋಡೋಣ. ಅವರು ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಅದು ನಡೆಯುವ ಮಾತಲ್ಲ. ನೀವು ಹೋಗಬೇಕಾದ ಅಂಗಡಿಗಳಲ್ಲಿ ಹೆಚ್ಚಿನವು ರಾತ್ರಿ ಎಂಟರ ಸುಮಾರಿಗೆ ಬಾಗಿಲು ಹಾಕುತ್ತವೆ. ಎಲ್ಲರೂ ಮಲಗಿದ ಮೇಲೆ ಹೊರಟರೆ ಮುಚ್ಚಿದ ಶಟರ್ ನೋಡಿಕೊಂಡು ಬರಬೇಕು, ಅಷ್ಟೇ. ಇನ್ನು ಬೆಲೆ ಕಮ್ಮಿ ಹೇಳುವುದು. ಮೂರು ಸಾವಿರದ ಪುಸ್ತಕವನ್ನು ಮುನ್ನೂರು ಅಂತ ಹೇಳಿದರೆ, ಮನೆಗೆ ಬಂದ ಮೇಲೂ ಆ ಪುಸ್ತಕವನ್ನು ನೆಮ್ಮದಿಯಾಗಿ ತೆಗೆದು ನೋಡೋಕೆ ಆಗುವುದಿಲ್ಲ. ಅದು ನಿಮ್ಮ ದುಡಿಮೆಯ ದುಡ್ಡು. ಅದನ್ನು ಮುಚ್ಚಿಡುವಂಥ ತಪ್ಪನ್ನು ನೀವೇನೂ ಮಾಡಿಲ್ಲ.

ಅಪ್ಪನ ಕಡೆಯಿಂದಲೂ ಒಂದು ಸಲ ಯೋಚಿಸಿ. ಐದು ಜನರ ಟಿಕೆಟ್, ವೀಸಾ, ಹೋಟೆಲು. ಬ್ಯಾಂಕಿನ ಸಂಬಳದಲ್ಲಿ ಇದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು. ಒಂದು ಗಂಟೆಯೂ ಹಾಳಾಗಬಾರದು ಅನ್ನುವ ಆತಂಕದಲ್ಲಿ ಆ ಪಟ್ಟಿ ಹುಟ್ಟಿದೆ. ನೀವು ‘ಶಾಪಿಂಗ್‌ಗೆ ಹೋಗಬೇಕು’ ಅಂದಾಗ ಅವರ ಕಿವಿಗೆ ಅದು ಎಲ್ಲಿಂದ ಎಲ್ಲಿವರೆಗೆ ಅಂತ ಗೊತ್ತಿಲ್ಲದ ಆಸೆಯ ಹಾಗೆ ಕೇಳಿಸಿರುತ್ತದೆ. ಎಷ್ಟು ಹೊತ್ತು, ಎಷ್ಟು ದುಡ್ಡು, ಯಾವ ಊರಿನ ಯಾವ ಬೀದಿ, ಅಜ್ಜಿಯನ್ನು ಯಾರು ನೋಡಿಕೊಳ್ಳುತ್ತಾರೆ? ಇದಕ್ಕೆಲ್ಲ ಉತ್ತರ ಇಟ್ಟುಕೊಂಡು ಕೇಳಿ. ಪಟ್ಟಿ ಮಾಡುವ ಮನುಷ್ಯನಿಗೆ ಪಟ್ಟಿಯನ್ನೇ ಕೊಡಬೇಕು. ‘ಅಪ್ಪಾ, ಟೋಕಿಯೊದಲ್ಲಿ ನಂಗೊಂದು ದಿನ ಬೇಕು. ದುಡ್ಡು ನಂದೇ, ಇಷ್ಟರ ಮೇಲೆ ಒಂದು ಯೆನ್ನೂ ಕೇಳಲ್ಲ. ಅವತ್ತು ನೀವೆಲ್ಲ ಏನು ನೋಡಬಹುದು ಅಂತಾನೂ ಬರೆದಿದ್ದೀನಿ, ನೋಡಿ’ ಅನ್ನಿ. ಮಾಂಗಾ ಎಷ್ಟು ದೊಡ್ಡ ಕಲೆ ಅಂತ ವಾದ ಮಾಡೋಕೆ ಮಾತ್ರ ಹೋಗಬೇಡಿ.

ಆ ಕೆಲಸವನ್ನು ಕ್ಯೋಟೊ ಮಾಡುತ್ತದೆ. ಅಪ್ಪನ ಪಟ್ಟಿಯಲ್ಲಿ ಕ್ಯೋಟೊ ಮೊದಲು, ಟೋಕಿಯೊ ಕೊನೆಗೆ ಇರುವುದು ನಿಮ್ಮ ಅದೃಷ್ಟ. ಊರಿನ ನಡುವೆ, ಕರಸುಮಾ ಒಯ್ಕೆ ಸ್ಟೇಷನ್ ಹತ್ತಿರವೇ ಕ್ಯೋಟೊ ಇಂಟರ್‌ನ್ಯಾಷನಲ್ ಮಾಂಗಾ ಮ್ಯೂಸಿಯಂ ಇದೆ. 2006ರಲ್ಲಿ ಶುರುವಾದದ್ದು. ಅದಿರುವುದು 1869ರಲ್ಲಿ ಶುರುವಾಗಿದ್ದ ತತ್ಸುಯಿಕೆ ಅನ್ನುವ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ. ಒಳಗೆ 3 ಲಕ್ಷದಷ್ಟು ಸಂಗ್ರಹ. ಅದರಲ್ಲಿ 50 ಸಾವಿರ ಪುಸ್ತಕಗಳನ್ನು ಗೋಡೆಯುದ್ದಕ್ಕೂ ಜೋಡಿಸಿಟ್ಟಿದ್ದಾರೆ. ಯಾರು ಬೇಕಾದರೂ ತೆಗೆದು ಓದಬಹುದು. ಬಿಸಿಲಿದ್ದರೆ ಜನ ಮುಂದಿನ ಹುಲ್ಲಿನ ಮೇಲೆ ಕೂತು, ಮಲಗಿ ಓದುತ್ತಿರುತ್ತಾರೆ, ತಲೆ ನರೆತವರೂ ಸೇರಿ. ವಾರದ ರಜೆ ಯಾವತ್ತು ಅಂತ ನೋಡಿಕೊಂಡು ಅಪ್ಪನನ್ನು ಅಲ್ಲಿಗೆ ಎರಡು ಗಂಟೆ ಕರೆದುಕೊಂಡು ಹೋಗಿ. ಅಜ್ಜಿಗೂ ಕಾಲು ಚಾಚಿ ಕೂರೋಕೆ ಜಾಗ ಸಿಗುತ್ತದೆ. ನೀವು ಪಕ್ಕದಲ್ಲಿ ಕೂತು ಓದಿ, ಸಾಕು.

ಈಗ ನಿಮ್ಮ ದಿನಕ್ಕೆ ಬರೋಣ. ಟೋಕಿಯೊದಲ್ಲಿ ಅನಿಮೆ ಅಂಗಡಿ ಅಂದರೆ ಎಲ್ಲರೂ ಹೇಳುವುದು ಅಕಿಹಬಾರಾ. ಹೆಣ್ಣುಮಕ್ಕಳ ಗುಂಪು ಜಾಸ್ತಿ ಇರುವುದು ಇಕೆಬುಕುರೊದಲ್ಲಿ. ಅನಿಮೇಟ್ ಅಂಗಡಿಯ ಮುಖ್ಯ ಶಾಖೆ ಅಲ್ಲಿದೆ. ಮೂರನೆಯದು ನಕಾನೊ. ಮೂರೂ ಒಂದೇ ದಿನದಲ್ಲಿ ಸುತ್ತುತ್ತೇನೆ ಅಂದರೆ ರೈಲಲ್ಲೇ ದಿನ ಕಳೆಯುತ್ತದೆ. ನಿಮ್ಮ ಪಟ್ಟಿಯಲ್ಲಿ ಹಳೆಯ ಆರ್ಟ್ ಬುಕ್ ಇದೆ, ಸೆಲ್ ಇದೆ. ಹಾಗಾದರೆ ನಿಮ್ಮ ಊರು ನಕಾನೊ. ಅಲ್ಲಿನ ನಕಾನೊ ಬ್ರಾಡ್‌ವೇ 1966ರಲ್ಲಿ ಕಟ್ಟಿದ ಕಟ್ಟಡ. ಕೆಳಗೆ ಅಂಗಡಿ, ಮೇಲೆ ಮನೆಗಳು. 1980ರಲ್ಲಿ ಹಳೆಯ ಮಾಂಗಾ ಮಾರುವ ಒಂದು ಪುಟ್ಟ ಅಂಗಡಿ ಅಲ್ಲಿ ತೆರೆಯಿತು. ಹೆಸರು ಮಂದರಾಕೆ. ಈಗ ಅದೇ ಕಟ್ಟಡದಲ್ಲಿ ಅವರದ್ದೇ ಎಷ್ಟೋ ಮಳಿಗೆಗಳಿವೆ: ಸೆಲ್‌ಗೆ ಒಂದು, ಹಳೆಯ ಆಟಿಕೆಗೆ ಒಂದು, ಪುಸ್ತಕಕ್ಕೆ ಒಂದು, ಹೀಗೆ. ಬಾಗಿಲು ತೆಗೆಯುವುದು ಮಧ್ಯಾಹ್ನ ಹನ್ನೆರಡಕ್ಕೆ. ಬೆಳಿಗ್ಗೆ ಬೇಗ ಹೋಗಿ ನಿಂತರೆ ಏನೂ ಸಿಗುವುದಿಲ್ಲ.

ಅದಕ್ಕೇ ಬೆಳಗನ್ನು ಮನೆಯವರ ಜೊತೆ ಕಳೆಯಿರಿ. ಅಕಿಹಬಾರಾದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಕಾಂಡಾ ಮ್ಯೋಜಿನ್ ಅನ್ನುವ ಶಿಂಟೊ ಗುಡಿ ಇದೆ. 730ರಲ್ಲಿ ಸ್ಥಾಪನೆಯಾಯಿತು ಅಂತ ಹೇಳುತ್ತಾರೆ. ಕಂಪ್ಯೂಟರ್, ಫೋನು ಕೆಡದಿರಲಿ ಅಂತ ರಕ್ಷೆ ಕೊಡುವ ಗುಡಿ ಅದು. ಭಕ್ತರು ಹರಕೆ ಬರೆದು ಕಟ್ಟುವ ಮರದ ಹಲಗೆಗಳ ಮೇಲೆ ಅನಿಮೆ ಪಾತ್ರಗಳನ್ನು ಎಷ್ಟು ಚೆಂದ ಬರೆದಿರುತ್ತಾರೆ ಅಂದರೆ, ಅವನ್ನು ನೋಡುವುದಕ್ಕೇ ಅರ್ಧ ಗಂಟೆ ಬೇಕು. ಅಪ್ಪನಿಗೆ ದೇವಸ್ಥಾನ ಆಯಿತು, ನಿಮಗೆ ನಿಮ್ಮದೂ ಆಯಿತು. ಅಲ್ಲಿಂದ ಅಮ್ಮ, ಅಜ್ಜಿಗೆ ಅಸಾಕುಸಾ ಹತ್ತಿರ. ಅಕಿಹಬಾರಾದಿಂದ ತ್ಸುಕುಬಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡನೇ ಸ್ಟೇಷನ್. ಸೆನ್ಸೋಜಿ ದೇವಸ್ಥಾನವೂ ಅದರ ಮುಂದಿನ ಅಂಗಡಿ ಬೀದಿಯೂ ಅವರಿಗೆ ಖಂಡಿತ ಇಷ್ಟವಾಗುತ್ತದೆ. ಅಪ್ಪನಿಗೆ ಹಳೆಯ ಪುಸ್ತಕದ ಆಸೆ ಇದ್ದರೆ ಒಚನೊಮಿಜು ಸ್ಟೇಷನ್ ದಾಟಿ ಇಳಿಜಾರಿನಲ್ಲಿ ನಡೆದರೆ ಜಿಂಬೊಚೊ ಸಿಗುತ್ತದೆ. ನೂರಕ್ಕೂ ಜಾಸ್ತಿ ಹಳೆಯ ಪುಸ್ತಕದ ಅಂಗಡಿಗಳು ಒಂದೇ ಪೇಟೆಯಲ್ಲಿ. ಭಾನುವಾರ ಬೇಡ, ಅಲ್ಲಿ ಎಷ್ಟೋ ಅಂಗಡಿಗಳಿಗೆ ಅವತ್ತು ರಜೆ.

ಅಜ್ಜಿ ಬರುತ್ತೇನೆ ಅಂದಿದ್ದಾರಲ್ಲ, ಅವರನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ಅಸಾಕುಸಾಗೆ ಹೊರಡುವ ಮೊದಲು ಒಂದೇ ಗಂಟೆ, ಅಕಿಹಬಾರಾದ ರೇಡಿಯೊ ಕೈಕಾನ್ ಅನ್ನುವ ಅಂಗಡಿಗಳ ಕಟ್ಟಡಕ್ಕೆ ಮಾತ್ರ. ಅದು ಸ್ಟೇಷನ್ ಎದುರಿಗೇ ಇದೆ, ಎಸ್ಕಲೇಟರ್ ಇದೆ. ಗಾಜಿನ ಪೆಟ್ಟಿಗೆಗಳಲ್ಲಿ ಸಾಲು ಸಾಲಾಗಿ ಫಿಗರ್ ಇಟ್ಟಿರುತ್ತಾರೆ. ಆ ಪೆಟ್ಟಿಗೆಗಳನ್ನು ಸಂಗ್ರಾಹಕರು ಬಾಡಿಗೆಗೆ ಹಿಡಿದು ತಮ್ಮ ವಸ್ತು ಮಾರುತ್ತಾರೆ. ಒಂದೇ ಫಿಗರ್‌ಗೆ ಈ ಪೆಟ್ಟಿಗೆಯಲ್ಲಿ ಒಂದು ಬೆಲೆ, ಆಚೆ ಪೆಟ್ಟಿಗೆಯಲ್ಲಿ ಇನ್ನೊಂದು. ಗೊಂಬೆ ಸೆಟ್ಟನ್ನು ವರ್ಷಕ್ಕೊಂದರಂತೆ ಕೂಡಿಸಿಕೊಂಡು ಬಂದ ಅಜ್ಜಿಗೆ ನೀವು ಯಾಕೆ ಇದನ್ನು ಮಾಡುತ್ತಿದ್ದೀರಿ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮನ ಬಗ್ಗೆ ಎರಡು ಮಾತು. ಅಕಿಹಬಾರಾದ ಕೆಲವು ಅಂಗಡಿಗಳಲ್ಲಿ ದೊಡ್ಡವರಿಗೆ ಮಾತ್ರ ಅನ್ನುವ ಮಹಡಿಗಳಿರುತ್ತವೆ. ‘18’ ಅಂತ ದೊಡ್ಡದಾಗಿ ಬೋರ್ಡು ಹಾಕಿರುತ್ತಾರೆ. ಲಿಫ್ಟ್ ಹತ್ತುವ ಮೊದಲು ಯಾವ ಮಹಡಿಯಲ್ಲಿ ಏನಿದೆ ಅಂತ ನೋಡಿಕೊಳ್ಳಿ. ಈ ವಿಷಯವನ್ನು ಅಪ್ಪನಿಗೂ ಮೊದಲೇ ಹೇಳಿಬಿಡಿ. ಅಲ್ಲಿ ದಿಢೀರ್ ಅಂತ ಕಣ್ಣಿಗೆ ಬಿದ್ದರೆ ಅವರಿಗೆ ಇಡೀ ಬೀದಿಯೇ ಕೆಟ್ಟದ್ದು ಅನ್ನಿಸುತ್ತದೆ. ಇನ್ನು ಕ್ರೇನ್ ಗೇಮ್, ಅಂದರೆ ನಾಣ್ಯ ಹಾಕಿ ಯಂತ್ರದ ಕೈಯಲ್ಲಿ ಬೊಂಬೆ ಎತ್ತುವ ಆಟ. ಅದರ ಮುಂದೆ ನಿಂತ ಹುಡುಗ ಕದಲುವುದಿಲ್ಲ. ಅವನಿಗೆ 100 ಯೆನ್ನಿನ ಇಷ್ಟು ನಾಣ್ಯ ಅಂತ ಮೊದಲೇ ಎಣಿಸಿ ಕೊಡಿ. ಆ ಮಷಿನ್ನಿನೊಳಗಿರುವ ಫಿಗರ್‌ಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ, ಪೆಟ್ಟಿಗೆ ಒಡೆಯದೆ, ಎಷ್ಟೋ ಸಲ ಒಂದೆರಡು ಸಾವಿರ ಯೆನ್‌ಗೆ ಸಿಗುತ್ತವೆ. ನಿಮ್ಮ ಎರಡು ಫಿಗರ್‌ಗಳನ್ನೂ ಹಾಗೇ ಹುಡುಕಿ.

ಮಧ್ಯಾಹ್ನ ಊಟವಾದ ಮೇಲೆ ನಕಾನೊ. ಅಕಿಹಬಾರಾದಿಂದ ಹಳದಿ ಪಟ್ಟಿಯ ಚುವೊ-ಸೊಬು ಲೋಕಲ್ ರೈಲು ನೇರ ಅಲ್ಲಿಗೇ ಹೋಗುತ್ತದೆ, ಎಲ್ಲೂ ಬದಲಾಯಿಸಬೇಕಿಲ್ಲ. ಸಂಜೆ ಆರೂವರೆವರೆಗೆ ಸಮಯ ಇಟ್ಟುಕೊಳ್ಳಿ. ಮೊದಲು ಸೆಲ್, ಆಮೇಲೆ ಆರ್ಟ್ ಬುಕ್, ಉಳಿದದ್ದು ಕೊನೆಗೆ. ಯಾಕೆಂದರೆ ಸೆಲ್ ಒಂದೊಂದೂ ಒಂದೇ ಪ್ರತಿ. ಡಿಜಿಟಲ್ ಬಂದ ಮೇಲೆ ಅದನ್ನು ಮಾಡುವುದೇ ನಿಂತುಹೋಗಿದೆ. ಬೆಲೆ ಪಾತ್ರದ ಮೇಲೆ, ದೃಶ್ಯದ ಮೇಲೆ ಹೋಗುತ್ತದೆ. ಹೆಸರಾಂತ ಪಾತ್ರದ ಮುಖ ಪೂರ್ತಿ ಕಾಣುವ ಸೆಲ್ ನಿಮ್ಮ ದುಡ್ಡನ್ನೆಲ್ಲ ನುಂಗಬಹುದು. ಅಷ್ಟಾಗಿ ಹೆಸರಿಲ್ಲದ ದೃಶ್ಯದ್ದು ಕೈಗೆಟಕುತ್ತದೆ. ಅದನ್ನೂ ಯಾರೋ ಒಬ್ಬರು ಕೂತು ಕುಂಚದಲ್ಲೇ ತುಂಬಿದ್ದು, ಅಲ್ವಾ?

ಮಾಂಗಾ ಕೊಳ್ಳುವಾಗ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಇಂಗ್ಲಿಷ್ ಅನುವಾದಗಳನ್ನು ಅಲ್ಲಿ ಕೊಳ್ಳಬೇಡಿ. ಅವು ನಮ್ಮಲ್ಲೇ ಸಿಗುತ್ತವೆ. ಜಪಾನಿಯಲ್ಲೇ ತಗೊಳ್ಳಿ. ಹುಡುಗ ಹುಡುಗಿಯರಿಗಾಗಿ ಬರೆದ ಮಾಂಗಾಗಳಲ್ಲಿ ಕಾಂಜಿಯ (ಚೀನೀ ಮೂಲದ ಅಕ್ಷರ) ಪಕ್ಕದಲ್ಲಿ ಅದರ ಉಚ್ಚಾರವನ್ನು ಹಿರಗಾನಾ ಅನ್ನುವ ಸರಳ ಲಿಪಿಯ ಸಣ್ಣಕ್ಷರದಲ್ಲಿ ಕೊಟ್ಟಿರುತ್ತಾರೆ. ನೀವು ಅಕ್ಷರ ಕಲಿತಿದ್ದೀರಿ, ಹಾಗಾಗಿ ನಿಧಾನಕ್ಕೆ ಓದಬಹುದು. ಬುಕ್ ಆಫ್ ಅನ್ನುವ ಹಳೆಯ ಪುಸ್ತಕದ ಅಂಗಡಿಗಳು ಹೆಚ್ಚಿನ ಊರುಗಳಲ್ಲಿವೆ. ಅಲ್ಲಿ 110 ಯೆನ್ನಿನ ಕಪಾಟು ಅಂತಲೇ ಇರುತ್ತದೆ. ಹೊಸದಾದರೆ ಅದೇ ಸಂಪುಟಕ್ಕೆ 500, 600 ಯೆನ್. ಹತ್ತಿಪ್ಪತ್ತು ಸಂಪುಟ ಅಲ್ಲಿಂದ ತಂದರೂ ನಿಮಗೆ ಹೊರೆಯಾಗುವುದು ದುಡ್ಡಲ್ಲ, ತೂಕ. ಇಪ್ಪತ್ತು ಪುಸ್ತಕ ಅಂದರೆ ಮೂರು ನಾಲ್ಕು ಕಿಲೊ. ಫಿಗರ್ ಹಗುರ, ಆದರೆ ಅದರ ಪೆಟ್ಟಿಗೆ ಅರ್ಧ ಸೂಟ್‌ಕೇಸ್ ತಿನ್ನುತ್ತದೆ. ಹೋಗುವಾಗಲೇ ಮಡಚಿದ ಖಾಲಿ ಚೀಲ ಒಂದು ಇಟ್ಟುಕೊಳ್ಳಿ. ಸೆಲ್ ಮಾತ್ರ ಎರಡು ರಟ್ಟುಗಳ ನಡುವೆ ಇಟ್ಟು ಕೈಚೀಲದಲ್ಲೇ ತನ್ನಿ. ಅದಕ್ಕೆ ಬಿಸಿಲು, ಶಾಖ ಆಗುವುದಿಲ್ಲ. ತಮ್ಮ ಆಟಿಕೆ ಕತ್ತಿ ಕೊಂಡರೆ ಅದು ಚೆಕ್-ಇನ್ ಸೂಟ್‌ಕೇಸಿಗೆ ಹೋಗಲಿ.

ದುಡ್ಡಿನ ಲೆಕ್ಕ ಅಪ್ಪನಿಗೆ ಹಿಡಿಸುವ ಭಾಗ, ಅದನ್ನು ಸರಿಯಾಗಿ ಬರೆದುಕೊಡಿ. ನಿಮ್ಮ 60 ಸಾವಿರ ರೂಪಾಯಿ ಹತ್ತಿರ ಹತ್ತಿರ 1 ಲಕ್ಷ ಯೆನ್. ಅಲ್ಲಿ ಮಾರಾಟದ ಮೇಲೆ ಶೇಕಡಾ 10 ತೆರಿಗೆ ಇದೆ. ಇಲ್ಲಿಯವರೆಗೆ ಪ್ರವಾಸಿಗರು ಪಾಸ್‌ಪೋರ್ಟ್ ತೋರಿಸಿ ಅಂಗಡಿಯಲ್ಲೇ ಆ ತೆರಿಗೆ ಬಿಡಿಸಿಕೊಳ್ಳುತ್ತಿದ್ದರು. 2026ರ ನವೆಂಬರ್ 1ರಿಂದ ಅದು ಬದಲಾಗುತ್ತಿದೆ. ನೀವು ಹೋಗುವುದು ಅದಾದ ಮೇಲೆ. ಮೊದಲು ತೆರಿಗೆ ಸೇರಿಸಿ ಪೂರ್ತಿ ಕೊಡಬೇಕು; ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಖಾತ್ರಿ ಮಾಡಿದ ಮೇಲೆ ವಾಪಸ್ ಬರುತ್ತದೆ. ಒಂದೇ ದಿನ ಒಂದೇ ಅಂಗಡಿಯಲ್ಲಿ ತೆರಿಗೆ ಬಿಟ್ಟು 5,000 ಯೆನ್ ಆದರೂ ಕೊಂಡಿರಬೇಕು, ಆ ಅಂಗಡಿಗೆ ಈ ಸೌಲಭ್ಯವೂ ಇರಬೇಕು. ಹಾಗಾಗಿ ವಾಪಸ್ ಬರುವ ದುಡ್ಡನ್ನು ಅಲ್ಲೇ ಖರ್ಚು ಮಾಡುವ ಲೆಕ್ಕದಲ್ಲಿ ಸೇರಿಸಬೇಡಿ. ಕೊಂಡದ್ದನ್ನು ತೋರಿಸಿ ಅಂದರೆ ತೋರಿಸಬೇಕಾಗುತ್ತದೆ, ಸೂಟ್‌ಕೇಸಿನಲ್ಲಿ ಮೇಲೇ ಇಡಿ. ಬಿಲ್ಲುಗಳನ್ನೂ ಎತ್ತಿಡಿ, ನಮ್ಮ ಕಡೆಯ ಕಸ್ಟಮ್ಸ್‌ಗೂ ಬೇಕಾಗಬಹುದು. ಸುಂಕವಿಲ್ಲದೆ ತರುವ ಮಿತಿ ತಲೆಗೊಂದರಂತೆ ಇರುತ್ತದೆ. ಮನೆಯವರದ್ದೆಲ್ಲ ಸೇರಿಸಿ ಒಬ್ಬರ ಹೆಸರಿಗೆ ಹಾಕಿಕೊಳ್ಳೋಕೆ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಅಪ್ಪ ಪೂರ್ತಿ ದಿನ ಕೊಡದಿರಬಹುದು. ಆಗ ಮಧ್ಯಾಹ್ನದಿಂದ ಸಂಜೆವರೆಗೆ ಕೇಳಿ, ಅಕಿಹಬಾರಾ ಬಿಡಿ, ನಕಾನೊ ಒಂದನ್ನೇ ಇಟ್ಟುಕೊಳ್ಳಿ. ಅದಕ್ಕೂ ಒಪ್ಪದಿದ್ದರೆ, ನಿಮಗೆ ಬೇಜಾರಾಗಿದೆ ಅಂತ ಅವರ ಎದುರಿಗೇ ಹೇಳಿ, ಮುಖ ಊದಿಸಿಕೊಂಡು ಹತ್ತು ದಿನ ಓಡಾಡಬೇಡಿ. ಅಮ್ಮನನ್ನೂ ಆ ಮಾತಿಗೆ ಕೂರಿಸಿಕೊಳ್ಳಿ. ರಾತ್ರಿ ನಿಮ್ಮ ಜೊತೆ ಗುಟ್ಟಾಗಿ ಹೊರಡೋಕೆ ತಯಾರಿರುವ ಅಮ್ಮ, ಹಗಲಲ್ಲಿ ಅಪ್ಪನ ಎದುರು ನಿಮ್ಮ ಪರ ಎರಡು ಮಾತು ಆಡಲಾರರೇ? ನನಗಂತೂ ಅವರ ಮೇಲೆ ತುಂಬ ಭರವಸೆ ಇದೆ.

ಮಾತು ಈ ವಾರವೇ ಆಗಲಿ. ಕೆಲವು ಟಿಕೆಟ್‌ಗಳಿಗೆ ದಿನ ನಿಗದಿಯಾಗಿದೆ. ಟೋಕಿಯೊದ ಮಿತಾಕಾದಲ್ಲಿರುವ, ಘಿಬ್ಲಿ ಅನ್ನುವ ಅನಿಮೆ ಸ್ಟುಡಿಯೊದ ಮ್ಯೂಸಿಯಂ ಇಡೀ ಮನೆಗೆ ಹಿಡಿಸುವ ಜಾಗ. ಅಲ್ಲಿ ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ. ಪ್ರತಿ ತಿಂಗಳ 10ಕ್ಕೆ ಮುಂದಿನ ತಿಂಗಳ ಟಿಕೆಟ್ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ನವೆಂಬರ್‌ನದ್ದು ಬೇಕಾದರೆ ಅಕ್ಟೋಬರ್ 10, ಅಲ್ಲಿನ ಬೆಳಿಗ್ಗೆ ಹತ್ತು ಗಂಟೆ, ನಮ್ಮಲ್ಲಿ ಆರೂವರೆ. ಐದೂ ಜನರ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಪ್ಪನೂ ನೀವೂ ಒಟ್ಟಿಗೆ ಕೂತು ಬುಕ್ ಮಾಡಿ.