ಪ್ಯಾರಿಸ್ ಒಲಿಂಪಿಕ್ಸ್ ಕಾವಲಿಗೆ ನಮ್ಮ ನಾಯಿಗಳು ಯಾಕೆ?

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ನಾಯಿಗಳು ಹೋಗಿದ್ದು ಯಾಕೆ, ಫ್ರಾನ್ಸಿನಲ್ಲಿ ನಾಯಿಗಳಿಲ್ವಾ ಅಂತ ಕೇಳಿದ್ದೀರಿ. ಇವೆ, ಆದರೆ ಸಾಲುವುದಿಲ್ಲ. ಜನ ಒಳಗೆ ಬರುವ ಮೊದಲು ಒಂದೊಂದು ಜಾಗದಲ್ಲೂ ಸ್ಫೋಟಕ ಇದೆಯಾ ಅಂತ ಮೂಸಿ ನೋಡಿಸಬೇಕು. ಮೂಸುವ ಕೆಲಸದಲ್ಲಿ ನಾಯಿ ಬೇಗ ದಣಿಯುತ್ತದೆ, ಪಾಳಿ ಬದಲಿಸುತ್ತಲೇ ಇರಬೇಕು. ಒಂದೇ ದೇಶ ಅಷ್ಟು ಪಳಗಿದ ನಾಯಿಗಳನ್ನು ಹೊಂದಿಸುವುದು ಕಷ್ಟ. ಅದಕ್ಕೇ ಫ್ರಾನ್ಸ್ 40ಕ್ಕೂ ಜಾಸ್ತಿ ದೇಶಗಳ ನೆರವು ಕೇಳಿತು. ಭಾರತ 10 ಶ್ವಾನ ತಂಡಗಳನ್ನು ಕಳಿಸಿತು. ಅದರಲ್ಲಿದ್ದ ಕೇಂದ್ರ ಮೀಸಲು ಪೊಲೀಸ್ ಪಡೆ, ಅಂದರೆ ಸಿಆರ್‌ಪಿಎಫ್‌ನ ವಾಸ್ಟ್, ಡೆನ್ಬಿ ಎಂಬ ನಾಯಿಗಳು ಪಳಗಿದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನ ಪಕ್ಕದ ತರಳುವಿನಲ್ಲಿ! ಇನ್ನು ಪ್ಯಾರಿಸ್‌ನಲ್ಲಿ ಉಸ್ತುವಾರಿಯೆಲ್ಲ ಫ್ರೆಂಚ್ ಪೊಲೀಸರದ್ದೇ. ಬೇರೆ ದೇಶದವರು ಅವರು ಹೇಳಿದ ಕಡೆ ಕೆಲಸ ಮಾಡಿದರು, ಅಷ್ಟೇ.